ಖಾಲಿ ತೋಟಾದಿಂದ ಉಳಿ ಹಿಡಿಗೆ ಹಿತ್ತಾಳೆ ಬಳೆ

ಉಳಿಯ ಹಿಡಿ ಸೀಳುವುದು ಬಾಯಿ ಕಡೆಯಿಂದ, ಅಂದರೆ ಉಕ್ಕು ಒಳಗೆ ಹೋಗುವ ತುದಿಯಿಂದ. ಕೊಡತಿ ಏಟು ಬಿದ್ದಾಗಲೆಲ್ಲ ಉಕ್ಕಿನ ಬಾಲ ಮರದೊಳಗೆ ಇನ್ನಷ್ಟು ಇಳಿಯಲು ನೋಡುತ್ತದೆ. ಮರ ಅಗಲವಾಗಲು ನೋಡುತ್ತದೆ. ಅದನ್ನು ತಡೆಯಲು ಬಾಯಿಗೆ ಒಂದು ಲೋಹದ ಬಳೆ ಹಾಕುತ್ತಾರೆ. ಅಂಗಡಿಯಲ್ಲಿ ಕೇಳುವಾಗ ಇದು ಫೆರೂಲ್. ಸಾಮಾನ್ಯವಾಗಿ ಹಿತ್ತಾಳೆ ಪೈಪ್ ತುಂಡು ಮಾಡಿದರೆ ಸಾಕು. ಆದರೆ ನಾನು ಖಾಲಿ ತೋಟಾಗಳಿಂದ, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಚಿಪ್ಪುಗಳಿಂದ ಮಾಡುತ್ತಿದ್ದೇನೆ. ಅದು ಪೈಪಿಗಿಂತ ಒಳ್ಳೆಯ ಬಳೆ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತಾ ಹೋಗುತ್ತೇನೆ.

ನಾನಿರುವುದು ಅಮೆರಿಕದ ಅರಿಝೋನಾದಲ್ಲಿ, ಫೀನಿಕ್ಸ್ ಹತ್ತಿರ. ಇಲ್ಲಿ ಗುರಿ ಅಭ್ಯಾಸದ ಜಾಗಗಳಲ್ಲಿ ಖಾಲಿ ತೋಟಾ ರಾಶಿ ರಾಶಿ ಬೀಳುತ್ತದೆ. ಅದನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಕೊಳ್ಳುವವರು ಹೆಚ್ಚಾಗಿ ಅದಕ್ಕೆ ಮತ್ತೆ ಮದ್ದು ತುಂಬುವವರು. ನನ್ನ ಹತ್ತಿರ ಕೋವಿ ಇಲ್ಲ, ಬೇಕಾಗಿಯೂ ಇಲ್ಲ. ನನಗೆ ಬೇಕಾದದ್ದು ಹಿತ್ತಾಳೆ ಮಾತ್ರ.

ಮತ್ತೆ ಆ ಹಿತ್ತಾಳೆ ಸುಮ್ನೆ ಯಾವುದೋ ಹಿತ್ತಾಳೆ ಅಲ್ಲ. 70 ಪಾಲು ತಾಮ್ರ, 30 ಪಾಲು ಸತು. ಎಲ್ಲ ಹಿತ್ತಾಳೆಗಳ ಪೈಕಿ ತಣ್ಣಗಿರುವಾಗಲೇ ಚೆನ್ನಾಗಿ ಹಿಗ್ಗುವುದು ಈ ಅಳತೆಯದು. ಕಾರ್ಖಾನೆಯಲ್ಲಿ ತೋಟಾ ಶುರುವಾಗುವುದು ಒಂದು ಚಪ್ಪಟೆ ಬಿಲ್ಲೆಯಿಂದ. ಅದನ್ನು ಒತ್ತಿ ಬಟ್ಟಲು ಮಾಡುತ್ತಾರೆ. ಬಟ್ಟಲನ್ನು ಎಳೆದು ಉದ್ದ ಮಾಡುತ್ತಾರೆ. ಎಳೆದಾಗ ಗಟ್ಟಿಯಾಗುತ್ತದೆ, ಆಗ ಕುಲುಮೆಯಲ್ಲಿ ಕಾಯಿಸಿ ಮೆದು ಮಾಡಿ ಮತ್ತೆ ಎಳೆಯುತ್ತಾರೆ. ಇಷ್ಟೆಲ್ಲ ಎಳೆದಾಟ ತಡೆದುಕೊಂಡು ಬಿರುಕು ಬಿಡದ ಲೋಹ ಅದು. ನಲ್ಲಿ, ಸ್ಕ್ರೂಗಳಿಗೆ ಬಳಸುವ ಹಿತ್ತಾಳೆಯಲ್ಲಿ ಸೀಸ ಬೆರೆಸಿರುತ್ತಾರೆ. ಅದು ಲೇತ್‌ನಲ್ಲಿ ಸೊಗಸಾಗಿ ಪುಡಿಪುಡಿಯಾಗಿ ಕೊಯ್ಯುತ್ತದೆ, ಆದರೆ ಹಿಗ್ಗಿಸಲು ಹೋದರೆ ಸೀಳುತ್ತದೆ.

ಈ ಹಿಗ್ಗುವ ಗುಣವನ್ನೇ ನಂಬಿ ಇಲ್ಲಿ ಕೆಲವರು .22 (ಗುಂಡಿನ ದಪ್ಪವನ್ನು ಇಂಚಿನಲ್ಲಿ ಹೇಳುವ ಹೆಸರು) ತೋಟಾದ ಖಾಲಿ ಚಿಪ್ಪುಗಳಿಂದ ಗುಂಡಿನ ಹೊರಕವಚ ಮಾಡಿಕೊಳ್ಳುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಗುಂಡು ಸಿಗುವುದು ಕಷ್ಟವಾದಾಗ ಬೆಳೆದ ಹವ್ಯಾಸ ಇದು. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಶುರು ಮಾಡಿದ, ಮದ್ದು ತುಂಬುವ ಸಲಕರಣೆಗಳ ಆರ್‌ಸಿಬಿಎಸ್ ಕಂಪನಿಯ ಹೆಸರು ಬಂದದ್ದೂ ಅಂಥದೇ ಅಚ್ಚಿನಿಂದ: ರಾಕ್ ಚಕ್ ಬುಲೆಟ್ ಸ್ವೇಜ್. ನನ್ನ ದಾರಿ ಅದಲ್ಲ. ಆದರೆ ಅವರಿಗೆ ಅನುಕೂಲವಾದ ಗುಣವೇ ನನಗೂ ಅನುಕೂಲ.

ಯಾವ ತೋಟಾ ಯಾವುದಕ್ಕೆ ಅಂತ ಮೊದಲು ನೋಡೋಣ. .308 ತೋಟಾದ ತಳ ಸುಮಾರು 12 ಮಿ.ಮೀ. ಅಗಲ, ಉದ್ದ 51 ಮಿ.ಮೀ. ಚಿಕ್ಕ ಕೆತ್ತನೆ ಉಳಿ, ಸಣ್ಣ ಅರಗಳಿಗೆ ಹೇಳಿ ಮಾಡಿಸಿದ ಅಳತೆ. .30-06 ತಳವೂ ಅಷ್ಟೇ, ಉದ್ದ 63 ಮಿ.ಮೀ., ಹಾಗಾಗಿ ಒಂದು ತುಂಡು ಜಾಸ್ತಿ ಸಿಗುತ್ತದೆ. .223 ತೋಟಾ 9.6 ಮಿ.ಮೀ., ದಬ್ಬಳಕ್ಕೂ ಗೆರೆ ಎಳೆಯುವ ಚೂರಿಗೂ ಆಗುತ್ತದೆ. ದೊಡ್ಡ ಉಳಿಗೆ .50 ಬಿಎಂಜಿ ಅನ್ನುವ ಮೆಷಿನ್‌ಗನ್ ತೋಟಾ ಬೇಕು, ಅದರ ತಳ 20 ಮಿ.ಮೀ. ದಾಟುತ್ತದೆ. ಅದು ಸಿಗುವುದು ಕಡಿಮೆ, ಬೆಲೆಯೂ ಹೆಚ್ಚು.

ಚೀಲ ಮನೆಗೆ ಬಂದ ತಕ್ಷಣ ಅಯಸ್ಕಾಂತ ಆಡಿಸುತ್ತೇನೆ. ಹಿತ್ತಾಳೆ ಬಣ್ಣ ಬಳಿದ ಉಕ್ಕಿನ ತೋಟಾಗಳೂ ಇರುತ್ತವೆ, ಅವು ಅಂಟಿಕೊಳ್ಳುತ್ತವೆ. ಬೆಳ್ಳಗೆ ಹೊಳೆಯುವವು ನಿಕ್ಕಲ್ ಲೇಪದವು ಇಲ್ಲವೇ ಅಲ್ಯೂಮಿನಿಯಂನವು, ಅವೂ ಬೇಡ. ಹಿಗ್ಗಿಸಿದರೆ ನಿಕ್ಕಲ್ ಪದರ ಎದ್ದು ಬರುತ್ತದೆ. ನನಗೆ ಇಷ್ಟವಾಗುವುದು ತಳದಲ್ಲಿ ಎಲ್‌ಸಿ ಅಂತ ಮುದ್ರೆ ಇರುವವು. ಅವು ಮಿಸೌರಿಯ ಇಂಡಿಪೆಂಡೆನ್ಸ್ ಊರಿನ ಲೇಕ್ ಸಿಟಿ ಕಾರ್ಖಾನೆಯವು. ಪಕ್ಕದಲ್ಲಿರುವ ಎರಡು ಅಂಕಿ ತಯಾರಾದ ವರ್ಷ. ಮಿಲಿಟರಿ ತೋಟಾದ ಕತ್ತಿನ (ಗುಂಡು ಕೂರುವ ಕಿರಿದಾದ ಭಾಗ) ಕೆಳಗೆ ನೀಲಿ-ಕಂದು ಬಣ್ಣದ ಒಂದು ಪಟ್ಟಿ ಕಾಣುತ್ತದೆ. ಕೊಳೆ ಅಂತ ಅನ್ನಿಸಬಹುದು. ಅದು ಕತ್ತನ್ನು ಕಾಯಿಸಿ ಮೆದು ಮಾಡಿದ ಗುರುತು, ಮಿಲಿಟರಿಯವರು ಅದನ್ನು ಉಜ್ಜದೆ ಹಾಗೇ ಬಿಡುತ್ತಾರೆ.

ಇನ್ನು ಕೇಪು. ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ತಳದ ನಡುವೆ ಇರುವ, ಮದ್ದಿಗೆ ಕಿಡಿ ಕೊಡುವ ಈ ಸಣ್ಣ ಬಟ್ಟಲಿಗೆ ಸೂಜಿ ಹೊಡೆದ ಕುಳಿ ಇದ್ದರೆ ಅದು ಸಿಡಿದಿದೆ ಅಂತ ಲೆಕ್ಕ. ಕುಳಿ ಇಲ್ಲದಿದ್ದರೆ, ಅಥವಾ ತೋಟಾ ಖಾಲಿ ಅಲ್ಲದಿದ್ದರೆ, ಮುಟ್ಟದೆ ಬದಿಗಿಟ್ಟು ಕೊಟ್ಟವರಿಗೇ ವಾಪಸ್. ಕುಳಿ ಇದ್ದರೂ ಬೆಂಕಿಗೆ ಹಿಡಿಯುವ ಮುಂಚೆ ಒಳಗಿನಿಂದ ತೆಳು ಸರಳು ಹಾಕಿ ಕೇಪನ್ನು ಹೊರಗೆ ತಟ್ಟಿಬಿಡುತ್ತೇನೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಕೇಪು ಒಳಗಿರುವ ಯಾವ ತೋಟಾವೂ ನನ್ನ ಟಾರ್ಚ್ ಹತ್ತಿರ ಬರುವುದಿಲ್ಲ.

ಇನ್ನೊಂದು ವಿಷಯ ಸೀಸ. ಬಹುತೇಕ ಕೇಪುಗಳ ಮದ್ದಿನಲ್ಲಿ ಸೀಸ ಇರುತ್ತದೆ, ಸಿಡಿದ ಮೇಲೆ ಅದರ ಮಸಿ ತೋಟಾದೊಳಗೆ ಅಂಟಿರುತ್ತದೆ. ಹಾಗಾಗಿ ಒಣಗಿದ ತೋಟಾಗಳನ್ನು ಅಲುಗಾಡಿಸಿ ಧೂಳು ಎಬ್ಬಿಸುವುದಿಲ್ಲ. ಎಲ್ಲ ಒದ್ದೆಯಲ್ಲೇ, ಗ್ಲೌಸ್ ಹಾಕಿಕೊಂಡು, ಗ್ಯಾರೇಜಿನಲ್ಲೇ. ಅಡುಗೆಮನೆಯ ಪಾತ್ರೆ ಬೇಡ, ಸಿಂಕ್ ಬೇಡ, ಮಕ್ಕಳ ಕೈಗೂ ಸಿಗಬಾರದು.

ತೊಳೆಯಲು ಇಲ್ಲಿಯವರು ಸಿಟ್ರಿಕ್ ಆಸಿಡ್ ಪುಡಿ ಬಳಸುತ್ತಾರೆ. ನಾನು ಹುಣಸೆಹಣ್ಣು. ದೇವರ ದೀಪ ತೊಳೆಯುವ ಅದೇ ವಿದ್ಯೆ. ಹಳೇ ಹುಣಸೆಹಣ್ಣು, ಒಂದು ಹಿಡಿ ಉಪ್ಪು, ಬಿಸಿನೀರು, ಪ್ಲಾಸ್ಟಿಕ್ ಬಕೆಟ್. ಹುಣಸೆಯ ಟಾರ್ಟಾರಿಕ್ ಆಮ್ಲ ಕಪ್ಪನ್ನು ಕರಗಿಸುತ್ತದೆ. ಕೆಲವು ನಿಮಿಷ ಸಾಕು. ಜಾಸ್ತಿ ಹೊತ್ತು ನೆನೆಸಿದರೆ ಮೇಲ್ಮೈ ತಾಮ್ರದ ಹಾಗೆ ಕೆಂಪಾಗುತ್ತದೆ. ಆಮೇಲೆ ಚೆನ್ನಾಗಿ ನೀರು ಹಾಕಿ ಜಾಲಿಸಿ ಬಿಸಿಲಿಗೆ ಇಟ್ಟರೆ ಫೀನಿಕ್ಸ್ ಬಿಸಿಲಲ್ಲಿ ಒಣಗುವುದಕ್ಕೆ ಕಾಯಬೇಕಾಗಿಲ್ಲ.

ಕತ್ತರಿಸುವ ಕೆಲಸ ದೊಡ್ಡದೇನಲ್ಲ. ಪೈಪ್ ಕಟರ್ ಬಳಸಬೇಡಿ, ಗೋಡೆ ತೆಳು ಇರುವ ಕಡೆ ಒಳಕ್ಕೆ ಮಡಿಸಿಬಿಡುತ್ತದೆ. ತೋಟಾದೊಳಗೆ ಸರಿಯಾಗಿ ಕೂರುವ ಮರದ ಕಡ್ಡಿ ಹಾಕಿ, ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡಿನಲ್ಲಿ ನಿಧಾನವಾಗಿ ಕೊಯ್ಯುತ್ತೇನೆ. ಹೆಗಲು, ಕತ್ತು ಒಂದು ಕಡೆ. ತಳ ಇನ್ನೊಂದು ಕಡೆ. ನಡುವಿನ ಕೊಳವೆಯಲ್ಲಿ 12 ಮಿ.ಮೀ. ಉದ್ದದ ಬಳೆಗಳು. ಅಂಚನ್ನು ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು ಉಜ್ಜಿ ನೆಟ್ಟಗೆ ಮಾಡಬೇಕು. ಕತ್ತನ್ನೂ ಎಸೆಯುವುದಿಲ್ಲ. .308 ಕತ್ತಿನ ಹೊರ ಅಳತೆ ಸುಮಾರು 8.7 ಮಿ.ಮೀ., ಸೂಜಿ ಅರದ ಹಿಡಿಗೆ ಸಾಕು.

ಇಲ್ಲಿ ಪೈಪಿಗಿಂತ ತೋಟಾ ಯಾಕೆ ಮೇಲು ಅನ್ನುವುದು ಕಾಣುತ್ತದೆ. ಪೈಪಿನ ಗೋಡೆ ಎಲ್ಲ ಕಡೆ ಒಂದೇ ದಪ್ಪ. ತೋಟಾದ ಗೋಡೆ ಬಾಯಿಯ ಕಡೆ ತೆಳು, ತಳದ ಕಡೆ ಹೋಗುತ್ತಾ ದಪ್ಪ. ಅಂದರೆ ಒಳಗಿನ ರಂಧ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಿರಿದಾಗುತ್ತಾ ಹೋಗುತ್ತದೆ. ಅಗಲ ಇರುವ ಕಡೆಯಿಂದ ಮರ ಒಳಗೆ ಹೋದರೆ, ಒಳಕ್ಕೆ ಹೋದಷ್ಟೂ ಬಿಗಿ. ಯಾರೂ ಮಾಡದೆಯೇ ಸಿಕ್ಕಿದ ಇಳಿಜಾರು. ಹಾಗಾಗಿ ಕೊಯ್ದ ಕೂಡಲೇ ಪ್ರತಿ ಬಳೆಯ ಅಗಲದ ಕಡೆ ಒಂದು ಚುಕ್ಕಿ ಇಡುತ್ತೇನೆ. ಆಮೇಲೆ ಕಣ್ಣಿಗೆ ಗೊತ್ತಾಗುವುದಿಲ್ಲ.

ಈಗ ಮುಖ್ಯ ಕೆಲಸ, ಕಾಯಿಸುವುದು.

ಕೊಯ್ದ ಬಳೆ ಹೇಗಿದೆಯೋ ಹಾಗೇ ಹಾಕಿದರೆ ಆಗಲ್ವಾ? ಹಾಕಬಹುದು, ಆದರೆ ಎಲ್ಲ ಬಳೆ ಒಂದೇ ಥರ ಇರುವುದಿಲ್ಲ. ತೋಟಾದ ತಳ ಬೇಕೆಂದೇ ಗಟ್ಟಿ, ಕತ್ತು ಬೇಕೆಂದೇ ಮೆದು, ನಡುವೆ ಎರಡರ ನಡುವಿನದು. ಅದರ ಮೇಲೆ ಸಿಡಿದಾಗ ಒಮ್ಮೆ ಹಿಗ್ಗಿರುತ್ತದೆ. ಮದ್ದು ಮತ್ತೆ ತುಂಬುವವರು ತಳಕ್ಕೆ ಅಪ್ಪಿತಪ್ಪಿಯೂ ಬಿಸಿ ತಾಗಿಸುವುದಿಲ್ಲ, ಅಲ್ಲಿ ಒತ್ತಡ ತಡೆಯುವ ಗಟ್ಟಿತನ ಬೇಕು. ನಮಗೆ ಆ ಚಿಂತೆ ಇಲ್ಲ. ಎಲ್ಲವನ್ನೂ ಪೂರ್ತಿ ಮೆದು ಮಾಡಿ, ಒಂದೇ ಮಟ್ಟದಿಂದ ಶುರು ಮಾಡಬಹುದು.

ಈ ಕೆಲಸ ರಾತ್ರಿಯಲ್ಲೇ. ಸೆಖೆಯಿಂದ ತಪ್ಪಿಸಿಕೊಳ್ಳಲು ಅಂತಲ್ಲ, ಬಣ್ಣ ಕಾಣಬೇಕು ಅಂತ. ಗ್ಯಾರೇಜಿನ ದೀಪ ಆರಿಸಿ, ಬೆಂಕಿ ಇಟ್ಟಿಗೆಯ ಮೇಲೆ ಬಳೆ ನಿಲ್ಲಿಸಿ, ಪ್ರೊಪೇನ್ ಟಾರ್ಚ್ ಸುತ್ತ ಆಡಿಸುತ್ತೇನೆ. ಬಾಗಿಲು ಪೂರ್ತಿ ತೆರೆದಿರುತ್ತದೆ. ಕತ್ತಲಲ್ಲಿ ಮಾತ್ರ ಕಾಣುವಷ್ಟು ಮಸುಕಾದ ಕೆಂಪು ಬಂತೋ, ಸಾಕು, ಬೆಂಕಿ ತೆಗೆಯಬೇಕು. ಅಲ್ಲಿಂದ ಮುಂದೆ ಕಾಯಿಸಿದರೆ ಲೋಹದೊಳಗಿನ ಹರಳು ದೊಡ್ಡದಾಗುತ್ತಾ ಹೋಗುತ್ತದೆ. ಅಂಥ ಬಳೆಯನ್ನು ಹಿಗ್ಗಿಸಿದರೆ ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗುತ್ತದೆ. ಇನ್ನೂ ಕಾಯಿಸಿದರೆ ಸತು ಹೊರಬರುತ್ತದೆ. ಸತು ಕುದಿಯುವುದು 907 ಡಿಗ್ರಿಯಲ್ಲಿ. ಬಿಳಿ ಹೊಗೆ ಕಂಡರೆ ಟಾರ್ಚ್ ಆರಿಸಿ ಹೊರಗೆ ನಡೆಯಿರಿ, ಆ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ಕಾಯಿಸಿದ್ದನ್ನು ನೀರಿಗೆ ಹಾಕಿದರೂ ಒಂದೇ, ಹಾಗೇ ಆರಲು ಬಿಟ್ಟರೂ ಒಂದೇ. ಉಕ್ಕಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ. ಹಿತ್ತಾಳೆ ಗಟ್ಟಿಯಾಗುವುದು ಬಡಿದಾಗ, ಎಳೆದಾಗ, ಹಿಗ್ಗಿಸಿದಾಗ ಮಾತ್ರ. ನಾನು ನೀರಿಗೆ ಹಾಕುವುದು ಬೇಗ ಕೈಗೆ ಸಿಗಲಿ ಅಂತ.

ಮೆದುವಾದ ಬಳೆಯನ್ನು ಹಾಗೇ ಹಾಕಿದರೆ ಏಟಿಗೆ ಹಿಗ್ಗಿಬಿಡುತ್ತದೆ, ಬಳೆ ಹಾಕಿದ ಉದ್ದೇಶವೇ ಹೋಯಿತು. ಆದ್ದರಿಂದ ಇಳಿಜಾರು ಇರುವ ಒಂದು ಉಕ್ಕಿನ ಸರಳಿಗೆ ಎಣ್ಣೆ ಸವರಿ, ಬಳೆ ತೂರಿಸಿ, ಸಣ್ಣ ಸುತ್ತಿಗೆಯಲ್ಲಿ ಸುತ್ತ ತಟ್ಟುತ್ತಾ ಸ್ವಲ್ಪ ಹಿಗ್ಗಿಸುತ್ತೇನೆ. ಸೊಟ್ಟ ಹೋಗಿದ್ದರೆ ಗುಂಡಗಾಗುತ್ತದೆ, ಜೊತೆಗೆ ಗಟ್ಟಿತನವೂ ವಾಪಸ್ ಬರುತ್ತದೆ. ಸುತ್ತಿಗೆಯ ಸದ್ದು ಬದಲಾಗುವುದು ಕಿವಿಗೆ ಕೇಳುತ್ತದೆ. ಮೊದಲು ಮಂಕಾಗಿ, ಆಮೇಲೆ ಟಿಣ್ ಅನ್ನಲು ಶುರು. ಅಲ್ಲಿಗೆ ನಿಲ್ಲಿಸಬೇಕು.

ಇಷ್ಟಕ್ಕೇ ಮುಗಿಯಿತು ಅಂತ ಬಹಳ ಜನ ಬಿಡುತ್ತಾರೆ. ಹಿತ್ತಾಳೆ ಬಳೆಗಳು ವರ್ಷಗಳಾದ ಮೇಲೆ ಯಾವ ಏಟೂ ಬೀಳದೆ ಉದ್ದಕ್ಕೆ ಸೀಳಿರುವುದನ್ನು ನೀವು ನೋಡಿರಬಹುದು. ಅದರ ಕಾರಣ ತಿಳಿಯಲು ನಮ್ಮ ದೇಶದ ಮಳೆಗಾಲಕ್ಕೆ ಹೋಗಬೇಕು.

ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ತೋಟಾಗಳ ಕತ್ತು ಬಿರುಕು ಬಿಟ್ಟಿರುತ್ತಿತ್ತು. ಯಾರೂ ಮುಟ್ಟಿಲ್ಲ, ಗುಂಡು ಹಾರಿಸಿಲ್ಲ. ಮಳೆಗಾಲ ಬಂದಾಗ ಆಗುವುದರಿಂದ ಇದಕ್ಕೆ ಋತುವಿನ ಬಿರುಕು ಅಂತಲೇ ಹೆಸರು ಬಿತ್ತು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು ಇದರ ಗುಟ್ಟು ಬಿಡಿಸಿದರು. ಕುದುರೆ ಮೂತ್ರದಿಂದ ಬರುವ ಅಮೋನಿಯಾ, ಗಾಳಿಯ ತೇವ, ಮತ್ತು ಎಳೆದು ಮಾಡಿದ ಹಿತ್ತಾಳೆಯೊಳಗೆ ಉಳಿದುಕೊಂಡ ಬಿಗಿತ. ಈ ಮೂರೂ ಸೇರಿದರೆ ಹರಳುಗಳ ನಡುವಿನ ಸಂದಿಯಲ್ಲಿ ಬಿರುಕು ಹರಿಯುತ್ತದೆ. ಒಳಗಿನ ಬಿಗಿತ ತೆಗೆದರೆ ಬಿರುಕಿಲ್ಲ. ಕತ್ತು ಕಾಯಿಸುವುದು ಮಿಲಿಟರಿಗೆ ಇಷ್ಟು ಮುಖ್ಯವಾಗಲು ಇದೂ ಒಂದು ಕಾರಣ.

ಹಿಡಿಯ ಬಳೆಗೆ ಇದು ನೇರವಾಗಿ ಅನ್ವಯಿಸುತ್ತದೆ. ನಾನು ಸರಳಿನ ಮೇಲೆ ತಟ್ಟಿ ಹಿಗ್ಗಿಸಿದಾಗ ಒಳಗೆ ಬಿಗಿತ ಉಳಿಯಿತು. ಮರಕ್ಕೆ ಒತ್ತಿ ಕೂರಿಸಿದಾಗ ಇನ್ನಷ್ಟು ಬಂತು. ಮಳೆಗಾಲದಲ್ಲಿ ಮರ ಊದಿದರೆ ಮತ್ತಷ್ಟು. ಅರಿಝೋನಾದಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾನ್ಸೂನ್ ಅಂತಲೇ ಕರೆಯುತ್ತಾರೆ. ನಮ್ಮ ಮಲೆನಾಡಿನ ಮಳೆ ನೋಡಿದವರಿಗೆ ನಗು ಬರುವಷ್ಟು ಮಳೆ. ಆದರೂ ಮರಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ. ಇನ್ನು ಅಮೋನಿಯಾ ಎಲ್ಲಿಂದ ಬರುತ್ತದೆ? ಹಿತ್ತಾಳೆ ಹೊಳೆಯಲಿ ಅಂತ ಹಚ್ಚುವ ಬ್ರಾಸೊದಂಥ ಪಾಲಿಶ್‌ನಿಂದ, ಕಿಟಕಿ ಒರೆಸುವ ದ್ರಾವಣದಿಂದ. ಓಕ್ ಮರವನ್ನು ಕಂದು ಮಾಡಲು ಅಮೋನಿಯಾ ಹೊಗೆ ಹಿಡಿಸುವ ಮರಗೆಲಸದವರೂ ಇದ್ದಾರೆ. ಬಳೆ ಹಾಕಿದ ಹಿಡಿಗೆ ಆ ಕೆಲಸ ಖಂಡಿತ ಬೇಡ.

ಅದಕ್ಕಾಗಿ ಹಿಗ್ಗಿಸಿದ ಬಳೆಗಳನ್ನು ಹಳೇ ಟೋಸ್ಟರ್ ಓವನ್‌ನಲ್ಲಿ ಅದರ ಕೊನೆಯ ಗುರುತಿಗೆ ತಿರುಗಿಸಿ, 250 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಂದು ಗಂಟೆ ಇಡುತ್ತೇನೆ. ಇಷ್ಟು ಬಿಸಿಗೆ ಹಿತ್ತಾಳೆ ಮೆದುವಾಗುವುದಿಲ್ಲ, ತಟ್ಟಿ ತಂದ ಗಟ್ಟಿತನ ಉಳಿಯುತ್ತದೆ, ಆದರೆ ಒಳಗಿನ ಬಿಗಿತ ಬಹುಪಾಲು ಇಳಿಯುತ್ತದೆ. ಈ ಓವನ್ ಇನ್ನು ಮುಂದೆ ಅಡುಗೆಗೆ ಬಳಸುವಂತಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಾಗುವ ಹಾಗೆ ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೇನೆ.

ನಂಬಿಕೆಗೆ ಒಂದು ಪರೀಕ್ಷೆಯೂ ಆಯಿತು. ಮೂರು ಬಳೆ. ಒಂದು ಕೊಯ್ದ ಹಾಗೇ, ಕಾಯಿಸದೆ ಇಟ್ಟದ್ದು. ಇನ್ನೊಂದು ಓವನ್‌ನಲ್ಲಿ ಕಾಯಿಸಿದ್ದು. ಮೂರನೆಯದನ್ನು ಉಕ್ಕಿನ ಸರಳಿಗೆ ಬಿಗಿಯಾಗಿ ಹೊಡೆದು ಅಲ್ಲೇ ಬಿಟ್ಟೆ. ಮೂರನ್ನೂ ಒಂದು ಗಾಜಿನ ಜಾಡಿಯಲ್ಲಿ ಇಟ್ಟು, ತಳದಲ್ಲಿ ಮನೆ ತೊಳೆಯುವ ಅಮೋನಿಯಾ ಸ್ವಲ್ಪ ಹಾಕಿ, ಬಳೆಗೆ ದ್ರವ ತಾಗದ ಹಾಗೆ ಮುಚ್ಚಿ ಹೊರಗೆ ಇಟ್ಟೆ. ಮರುದಿನ ನೋಡಿದರೆ ಮೂರೂ ಕಪ್ಪಾಗಿದ್ದವು, ತಳದ ದ್ರವಕ್ಕೆ ತಾಮ್ರದ ನೀಲಿ ಬಂದಿತ್ತು. ಸರಳಿಗೆ ಬಿಗಿದ ಬಳೆ ಮಾತ್ರ ಮೇಲಿನಿಂದ ಕೆಳಗೆ ನೇರವಾಗಿ ಸೀಳಿತ್ತು. ಉಳಿದೆರಡಕ್ಕೆ ಬಿರುಕಿಲ್ಲ. ಅಮೋನಿಯಾ ಇದ್ದರೆ ಮಾತ್ರ ಸಾಲದು, ಬಿಗಿತವೂ ಬೇಕು ಅನ್ನುವುದು ಇದರಿಂದ ಕಾಣುತ್ತದೆ. ಮಾಡುವವರು ಒಂದು ನೆನಪಿಡಿ: ಅಮೋನಿಯಾ ಹತ್ತಿರ ಬ್ಲೀಚ್ ಇಡಲೇಬೇಡಿ, ಎರಡೂ ಸೇರಿದರೆ ವಿಷಗಾಳಿ.

ಮರದ ಕಡೆ ಬರೋಣ. ನನ್ನ ಹತ್ತಿರ ಇದ್ದದ್ದು ಆ್ಯಶ್ ಮತ್ತು ವಾಲ್‌ನಟ್. ಏಟು ಬೀಳುವ ಉಳಿಗೆ ಆ್ಯಶ್, ಕೈಯಲ್ಲೇ ತಳ್ಳುವ ಉಳಿಗೆ ವಾಲ್‌ನಟ್. ಮರ ಪೂರ್ತಿ ಒಣಗಿರಬೇಕು. ಹಸಿ ಮರಕ್ಕೆ ಬಿಗಿ ಬಳೆ ಹಾಕಿದರೆ ಕೆಲವು ತಿಂಗಳಲ್ಲಿ ಮರ ಕುಗ್ಗಿ ಬಳೆ ಉದುರುತ್ತದೆ. ಲೇತ್‌ನಲ್ಲಿ ಬಾಯಿಯನ್ನು ಬಳೆಯ ಒಳ ಅಳತೆಗಿಂತ 0.1ರಿಂದ 0.2 ಮಿ.ಮೀ. ದಪ್ಪ ಬಿಟ್ಟು ಕಡೆದು, ತುದಿಗೆ ಸ್ವಲ್ಪ ಓರೆ ಕೊಡುತ್ತೇನೆ. ಆಮೇಲೆ ಚುಕ್ಕಿ ಇಟ್ಟ ಕಡೆಯಿಂದ ಬಳೆಯನ್ನು ವೈಸ್‌ನಲ್ಲಿ ಒತ್ತುವುದು.

ಎಷ್ಟು ಬಿಗಿ ಅನ್ನುವುದರಲ್ಲಿ ನನಗೆ ಎರಡು ನೀತಿ. ಕೊಡತಿ ಏಟು ತಿನ್ನುವ ಹಿಡಿಗೆ ಬಿಗಿಯಾಗಿ ಒತ್ತಿದ ಬಳೆ. ತಳ್ಳುವ ಉಳಿ, ಅರ, ದಬ್ಬಳಕ್ಕೆ ಕೈಯಲ್ಲೇ ಜಾರಿ ಕೂರುವ ಬಳೆ, ಒಳಗೆ ಎಪಾಕ್ಸಿ. ಎರಡನೆಯದರಲ್ಲಿ ಲೋಹಕ್ಕೆ ಬಿಗಿತವೇ ಇಲ್ಲ, ಜನ್ಮಕ್ಕೂ ಸೀಳುವುದಿಲ್ಲ. ಬಾಲವನ್ನು ಕೂರಿಸಲು ಎಪಾಕ್ಸಿ ಬದಲು ಅರಗು ಬಳಸುತ್ತೇನೆ. ನಮ್ಮಲ್ಲಿ ಕತ್ತಿ ಹಿಡಿಗೆ ಅರಗು ಹಾಕುವ ಪದ್ಧತಿ ಇದೆಯಲ್ಲ, ಅದೇ. ಬಾಲ ಬಿಸಿ ಮಾಡಿ, ಅರಗಿನ ಪುಡಿ ತುಂಬಿದ ರಂಧ್ರಕ್ಕೆ ತೂರಿಸಿದರೆ ಕರಗಿ ಹಿಡಿದುಕೊಳ್ಳುತ್ತದೆ. ಮುಂದೊಂದು ದಿನ ಹಿಡಿ ಬದಲಿಸಬೇಕಾದರೆ ಮತ್ತೆ ಬಿಸಿ ಮಾಡಿದರೆ ಸಾಕು. ಎಪಾಕ್ಸಿ ಆದರೆ ಹಿಡಿ ಒಡೆಯಬೇಕು.

ಬಳೆ ಕೂತ ಮೇಲೆ ಹಿಡಿ ಲೇತ್‌ಗೆ ವಾಪಸ್. ಹಿತ್ತಾಳೆಗೆ ಸಣ್ಣ ಅರ, ಆಮೇಲೆ 400, 600ರ ಉಪ್ಪುಕಾಗದ. ಈ ಹಿತ್ತಾಳೆ ಉಳಿಯ ತುದಿಗೆ ಅಂಟಿಕೊಳ್ಳುವ ಸ್ವಭಾವದ್ದು, ಅದಕ್ಕೆ ಅರವೇ ವಾಸಿ. ಒಂದು ಎಚ್ಚರಿಕೆ: ಹಿತ್ತಾಳೆಯ ಕಪ್ಪು ಪುಡಿ ಪಕ್ಕದ ಮರದ ರಂಧ್ರಕ್ಕೆ ಹೋಗಿ ಕೂತರೆ ತೆಗೆಯಲು ಬರುವುದಿಲ್ಲ. ಮೊದಲು ಮರಕ್ಕೆ ಒಂದು ಪದರ ಶೆಲಾಕ್ ಹಚ್ಚಿ, ಆಮೇಲೆ ಹಿತ್ತಾಳೆ ಉಜ್ಜಿ. ಕೊನೆಯಲ್ಲಿ ಚನ್ನಪಟ್ಟಣದವರು ಮಾಡುವ ಹಾಗೆ ತಿರುಗುವ ಹಿಡಿಗೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಚ್ಚಲು ನೋಡಿದೆ. ಅವರು ಬಳಸುವ ಆಲೆ ಮರ ನುಣುಪು, ಆ್ಯಶ್‌ನ ಎಳೆಗಳ ನಡುವೆ ಗುಂಡಿ ಜಾಸ್ತಿ. ಬಣ್ಣ ಪಟ್ಟೆಪಟ್ಟೆಯಾಗಿ ಬಂತು. ನನಗೆ ಅದೂ ಚೆನ್ನಾಗಿಯೇ ಕಂಡಿತು, ಬಿಟ್ಟೆ.

ತಳ ಸಮೇತ ಮಾಡುವ ಇನ್ನೊಂದು ಬಗೆ ನನಗೆ ಹೆಚ್ಚು ಇಷ್ಟ. .308 ತೋಟಾವನ್ನು ತಳದಿಂದ 16 ಮಿ.ಮೀ.ಗೆ ಕೊಯ್ದರೆ ಒಂದು ಟೋಪಿ ಸಿಗುತ್ತದೆ. ತಳವೇ ಸುಮಾರು 5 ಮಿ.ಮೀ. ದಪ್ಪ. ಕೇಪು ಕೂರುವ ಗುಳಿ 5.3 ಮಿ.ಮೀ. ಅಗಲ, ಅದರ ಹಿಂದೆ ಕಿಡಿ ಹೋಗುವ 2 ಮಿ.ಮೀ. ತೂತು. ಆ ತೂತನ್ನು ಬಾಲದ ಅಳತೆಗೆ ದೊಡ್ಡದು ಮಾಡಿದರೆ ಉಳಿಯ ಬಾಲ ಹಿತ್ತಾಳೆಯ ನಡುವೆ ತೂರಿ ಮರಕ್ಕೆ ಹೋಗುತ್ತದೆ. ಮರದ ತುದಿ ಪೂರ್ತಿ ಮುಚ್ಚುತ್ತದೆ, ಏಟಿನ ಭಾರ ದಪ್ಪ ಹಿತ್ತಾಳೆಯ ಮೇಲೆ ಹಂಚಿಹೋಗುತ್ತದೆ. ಡ್ರಿಲ್ ಮಾಡುವಾಗ ಜೋಪಾನ. ಹಿತ್ತಾಳೆ ಬಿಟ್ಟನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಬಿಟ್ಟಿನ ಕೊಯ್ಯುವ ಅಂಚನ್ನು ಸಾಣೆಕಲ್ಲಿನಲ್ಲಿ ಒಮ್ಮೆ ಉಜ್ಜಿ ಸ್ವಲ್ಪ ಚಪ್ಪಟೆ ಮಾಡಿದರೆ ಈ ತೊಂದರೆ ಹೋಗುತ್ತದೆ. ತುಂಡನ್ನು ಕೈಯಲ್ಲಿ ಹಿಡಿದು ಮಾತ್ರ ಡ್ರಿಲ್ ಮಾಡಬೇಡಿ.

ತಳದ ಮುದ್ರೆ ಹೊರಗೆ ಕಾಣುವುದರಿಂದ ಇವು ನೋಡಲು ಚಂದ. ಆದರೆ ಊರಿಗೆ ಉಡುಗೊರೆ ಒಯ್ಯಲು ನಾನು ಮಾಡಿದ್ದು ಸಾದಾ ಬಳೆಯ ಹಿಡಿಗಳನ್ನು ಮಾತ್ರ. ಭಾರತದ ವಿಮಾನ ನಿಲ್ದಾಣಗಳಲ್ಲಿ ಬ್ಯಾಗಿನಲ್ಲಿ ಒಂದು ತೋಟಾ ಕಂಡರೂ, ಅದು ಖಾಲಿಯಾಗಿದ್ದರೂ, ಪೊಲೀಸ್ ವಿಚಾರಣೆಗೆ ಸಿಕ್ಕಿಕೊಳ್ಳಬಹುದು. ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಸೇರುತ್ತವೆ. ಎಕ್ಸ್‌ರೇ ಪರದೆಯಲ್ಲಿ ಅಂಚು, ಮುದ್ರೆ ಇರುವ ತಳ ಕಂಡರೆ ಅದು ಉಳಿ ಹಿಡಿ ಅಂತ ವಾದಿಸುತ್ತಾ ನಿಲ್ಲುವ ಉಮೇದು ನನಗಿಲ್ಲ. ಕೊಯ್ಯದ ಖಾಲಿ ತೋಟಾವನ್ನಂತೂ ನೆನಪಿಗೆ ಅಂತ ಒಂದನ್ನೂ ಬ್ಯಾಗಿಗೆ ಹಾಕಬೇಡಿ. ಜೇಬು, ಹಳೇ ಬ್ಯಾಗಿನ ಮೂಲೆ ಎಲ್ಲ ಒಮ್ಮೆ ಕೊಡವಿ ನೋಡಿ.

ಮುಂದೆ .50 ತೋಟಾದ ಸರದಿ. ನಾಲ್ಕು ಸಿಕ್ಕಿವೆ. ತಳದ ಗೋಡೆ ಬಹಳ ದಪ್ಪ, ನನ್ನ ಪ್ರೊಪೇನ್ ಟಾರ್ಚ್‌ಗೆ ಅದನ್ನು ಕೆಂಪು ಮಾಡುವಷ್ಟು ಕಸುವಿಲ್ಲ. ಎರಡು ಟಾರ್ಚ್ ಎದುರುಬದುರು ಇಟ್ಟು ನೋಡಬೇಕು, ಇಲ್ಲವೇ ಇಟ್ಟಿಗೆ ಜೋಡಿಸಿ ಸಣ್ಣ ಗೂಡು ಕಟ್ಟಬೇಕು. ಹಿಡಿಗೆ ಅಂತ ಇಟ್ಟಿರುವ ಹಿಕರಿ ತುಂಡುಗಳನ್ನು ತೂಕ ಹಾಕುತ್ತಿದ್ದೇನೆ. ತೂಕ ಇಳಿಯುವುದು ನಿಂತ ಮೇಲೆ ಲೇತ್‌ಗೆ ಏರಿಸುತ್ತೇನೆ.